ಬಹುಮಾರ್ಗದ ಬೂಟ್ ಡಿಸ್ಕ್: ಕೆರೆನಾಡಿನ ತಿಳಿವಳಿಕೆಯ ಹಿನ್ನೆಲೆಯಲ್ಲಿ ಯೂನಿಕ್ಸ್ ಸರ್ವರಿನ ಆರಂಭ ವ್ಯವಸ್ಥೆ

1. ಪೀಠಿಕೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಆ ವರ್ಷ ಬಾಗೇಪಲ್ಲಿ ಹಾಗೂ ಗುಡಿಬಂಡೆ ತಾಲ್ಲೂಕುಗಳೊಡನೆ ಕೂಡಿ ಪ್ರತ್ಯೇಕ ಜಿಲ್ಲೆಯಾದವು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿಗಳು ನಂದಿಯ ಸುತ್ತಣ ಬೆಟ್ಟಸಾಲಿನಲ್ಲಿಯೇ ಹುಟ್ಟುತ್ತವೆಯಾದರೂ ವರ್ಷವಿಡೀ ಹರಿಯುವ ನದಿ ಈ ಸೀಮೆಯಲ್ಲಿ ಒಂದೂ ಇಲ್ಲ. ಆದ್ದರಿಂದಲೇ ಇದು ಕೆರೆಗಳ ನಾಡಾಗಿ ಬೆಳೆಯಿತು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಯನ್ನು ಸೇರುವ ಸರಪಳಿ ವ್ಯವಸ್ಥೆಯನ್ನು ಇಲ್ಲಿನ ಜನ ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದರು. ಯಾವ ಕಾಲುವೆಯಲ್ಲಿ ಹೂಳು ತುಂಬಿದೆ, ಯಾವ ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಮೊದಲು ನೀರು ಹಾಯಬೇಕು ಎಂಬ ತಿಳಿವಳಿಕೆ ನೀರುಗಂಟಿಯ ವಶದಲ್ಲಿತ್ತು.

ಕೆರೆ ತುಂಬಿದ್ದರೂ ತೂಬು ಕಟ್ಟಿಕೊಂಡರೆ ಗದ್ದೆ ಒಣಗುತ್ತದೆ. ಇಲ್ಲಿ ಕೊರತೆ ನೀರಿನದಲ್ಲ, ಹಾದಿಯದು. ಇಂದಿನ ಸರ್ವರುಗಳಲ್ಲಿ ಸಂಗ್ರಹವಾಗಿರುವ ದಾಖಲೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮಾಹಿತಿ ಎಳ್ಳಷ್ಟೂ ಕೆಡದೆ ಡಿಸ್ಕಿನಲ್ಲಿಯೇ ಉಳಿದಿದ್ದು, ಅಲ್ಲಿಗೆ ಹೋಗುವ ಹಾದಿ ಮುಚ್ಚಿದ ಕಾರಣದಿಂದ ಯಂತ್ರವೇ ಎಚ್ಚರಗೊಳ್ಳದೆ ಹೋಗುವ ಸಂದರ್ಭಗಳಿವೆ. ಇದನ್ನು ತಪ್ಪಿಸಲು ಯೂನಿಕ್ಸ್ ಸರ್ವರುಗಳಲ್ಲಿ ಬೂಟ್ ಡಿಸ್ಕಿಗೆ ಒಂದಕ್ಕಿಂತ ಹೆಚ್ಚು ಮಾರ್ಗಗಳನ್ನು ಏರ್ಪಡಿಸುವ ಪದ್ಧತಿ ರೂಢಿಯಲ್ಲಿದೆ. ಈ ಪದ್ಧತಿಯ ಸ್ವರೂಪ, ಅದರ ಒಳಗಿನ ಒಂದು ವಿಶಿಷ್ಟ ತೊಡಕು, ಹಾಗೂ ಆ ತೊಡಕನ್ನು ಬಿಡಿಸುವ ಕ್ರಮ ಇವುಗಳನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

2. ವಿಷಯದ ಅಗತ್ಯ

ಸರ್ವರ್ ಎಂಬುದು ದೂರದ ಮಹಾನಗರಕ್ಕೆ ಸೇರಿದ ವಸ್ತು, ಗ್ರಾಮಜೀವನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಈಗ ಉಳಿದಿಲ್ಲ. ಈ ನಾಲ್ಕು ತಾಲ್ಲೂಕುಗಳ ಬದುಕನ್ನೇ ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕೃತವಾದ ಆರಂಭದ ವರ್ಷಗಳಲ್ಲಿ ಆಯಾ ತಾಲ್ಲೂಕು ಕಚೇರಿಯಲ್ಲಿಯೇ ಸರ್ವರ್ ಇತ್ತು. ಮುಂದೆ ದಾಖಲೆಗಳು ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿ ಕ್ರೋಡೀಕೃತವಾದವು. ಚಿಂತಾಮಣಿಯ ಬ್ಯಾಂಕ್ ಶಾಖೆಯಲ್ಲಿ ರೈತನೊಬ್ಬ ಹಣ ಕಟ್ಟಿದಾಗ ಅದು ದಾಖಲಾಗುವುದು ಶಾಖೆಯ ಲೆಡ್ಜರಿನಲ್ಲಿ ಅಲ್ಲ, ಕೇಂದ್ರೀಕೃತ ಬ್ಯಾಂಕಿಂಗ್ ವ್ಯವಸ್ಥೆಯ ಯಂತ್ರದಲ್ಲಿ. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆ ರೂಪಿಸಿದ ಫಿನಾಕಲ್‌ನಂತಹ ಬ್ಯಾಂಕಿಂಗ್ ತಂತ್ರಾಂಶಗಳು ಬಹುಕಾಲ ಹೆಚ್ಚಾಗಿ ನಡೆದದ್ದು ದೊಡ್ಡ ಯೂನಿಕ್ಸ್ ಸರ್ವರುಗಳ ಮೇಲೆಯೇ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಇನ್ನೊಂದು ನಿದರ್ಶನ. ಗೂಡು ಕಾಯುವ ಸರಕಲ್ಲ. ದಿನ ಕಳೆದಂತೆ ತೂಕ ಇಳಿಯುತ್ತದೆ. ಸಕಾಲದಲ್ಲಿ ಬಿಸಿಯ ಸಂಸ್ಕಾರ ಆಗದಿದ್ದರೆ ಒಳಗಿನ ಕೋಶವು ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ. ಅಲ್ಲಿಗೆ ಎಳೆ ಬಿಚ್ಚುವ ಮಾತು ಮುಗಿಯಿತು. ಹರಾಜು, ತೂಕ, ಹಣ ಪಾವತಿಗಳು ಕಂಪ್ಯೂಟರನ್ನು ಅವಲಂಬಿಸಿದ ಮೇಲೆ ಯಂತ್ರ ಏಳದ ಒಂದು ಬೆಳಗು ರೈತನ ಒಂದು ಬೆಳೆಯ ಬೆಲೆಯನ್ನೇ ಕುಗ್ಗಿಸಬಲ್ಲದು.

ಗೌರಿಬಿದನೂರಿನ ಬಳಿ 1965ರಲ್ಲಿ ಸ್ಥಾಪನೆಯಾದ, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸೇರಿದ ಭೂಕಂಪ ಮಾಪನ ಕೇಂದ್ರವಿದೆ. ಭಾರತೀಯ ಖಭೌತ ಸಂಸ್ಥೆ ಹಾಗೂ ರಾಮನ್ ಸಂಶೋಧನಾ ಸಂಸ್ಥೆಗಳು ನಿರ್ಮಿಸಿದ ರೇಡಿಯೊ ದೂರದರ್ಶಕವೂ ಅದೇ ತಾಲ್ಲೂಕಿನಲ್ಲಿದೆ. ನೆಲದ ಒಂದು ಕಂಪನ ಒಮ್ಮೆ ಮಾತ್ರ ಸಂಭವಿಸುತ್ತದೆ. ಆ ಕ್ಷಣದಲ್ಲಿ ದಾಖಲೆಯ ಯಂತ್ರ ಮಲಗಿದ್ದರೆ ಮತ್ತೊಮ್ಮೆ ಕೇಳಿಸಿಕೊಳ್ಳುವ ಅವಕಾಶವಿಲ್ಲ.

ಜಾನಪದ ಸಂಗ್ರಹಕ್ಕೂ ಈ ಮಾತು ಸಲ್ಲುತ್ತದೆ. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ ಈ ಗಡಿಸೀಮೆಯಲ್ಲಿ ಕೇಳಿಕೆ, ಕೋಲಾಟ, ಭಜನೆ, ಸೋಬಾನೆಗಳಿವೆ. ಕೈವಾರದ ಯೋಗಿ ನಾರೇಯಣರ ತತ್ತ್ವಪದಗಳ ಗಾಯನ ಪರಂಪರೆ ಇದೆ. ಟೇಪು, ಕ್ಯಾಸೆಟ್‌ಗಳಲ್ಲಿದ್ದ ಇಂತಹ ಧ್ವನಿಗಳು ಈಗ ಸರ್ವರುಗಳಿಗೆ ಸಾಗುತ್ತಿವೆ. ಹಾಡಿದ ಹಿರಿಯರು ಇಲ್ಲವಾದ ಮೇಲೆ ಆ ಡಿಸ್ಕಿನಲ್ಲಿರುವುದೇ ಅವರ ಕಂಠ. ಅದಕ್ಕೆ ಹಾದಿ ಇಲ್ಲದಂತಾಗುವುದು ಸಾಮಾನ್ಯ ತಾಂತ್ರಿಕ ತೊಂದರೆಯಲ್ಲ.

3. ಬೂಟ್ ಡಿಸ್ಕಿನ ಸ್ವರೂಪ

ಯೂನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಹಾಗೂ ಡೆನಿಸ್ ರಿಚಿ ಅವರ ಕೈಯಲ್ಲಿ ರೂಪುಗೊಂಡ ಕಾರ್ಯವ್ಯವಸ್ಥೆ. ಐಬಿಎಂನ ಎಐಎಕ್ಸ್, ಎಚ್‌ಪಿಯ ಎಚ್‌ಪಿ-ಯುಎಕ್ಸ್, ಸನ್ ಸಂಸ್ಥೆಯ ಸೋಲಾರಿಸ್ ಇವು ಅದರ ಪ್ರಮುಖ ಕವಲುಗಳು. ಇವುಗಳಲ್ಲಿ ಯಾವುದೇ ಸರ್ವರಿಗೆ ವಿದ್ಯುತ್ ಹರಿದಾಗ ನಡೆಯುವ ಕ್ರಿಯೆಗಳು ಸ್ಥೂಲವಾಗಿ ಒಂದೇ. ಮೊದಲು ಎಚ್ಚರಗೊಳ್ಳುವುದು ಯಂತ್ರದ ಚಿಪ್ಪಿನಲ್ಲಿಯೇ ಅಡಕವಾಗಿರುವ ಫರ್ಮ್‌ವೇರ್ ಎಂಬ ಸಣ್ಣ ತಂತ್ರಾಂಶ. ಅದು ತನ್ನಲ್ಲಿ ಬರೆದಿಟ್ಟ ವಿಳಾಸವನ್ನು ನೋಡಿ ಒಂದು ಡಿಸ್ಕನ್ನು ಹುಡುಕುತ್ತದೆ. ಆ ಡಿಸ್ಕಿನಿಂದ ಆರಂಭಿಕ ತಂತ್ರಾಂಶವನ್ನು ಓದಿಕೊಳ್ಳುತ್ತದೆ. ಅದು ಕರ್ನಲ್ ಎಂಬ ಮುಖ್ಯ ತಿರುಳನ್ನು ಸ್ಮೃತಿಗೆ ತರುತ್ತದೆ. ಕರ್ನಲ್ ಮೂಲ ಕಡತವ್ಯವಸ್ಥೆಯನ್ನು ತೆರೆದು ಉಳಿದ ಸೇವೆಗಳನ್ನೆಲ್ಲ ಎಬ್ಬಿಸುತ್ತದೆ. ಹೀಗೆ ಮೊದಲು ಓದಲ್ಪಡುವ ಡಿಸ್ಕೇ ಬೂಟ್ ಡಿಸ್ಕ್.

ಚಿಕ್ಕ ಯಂತ್ರಗಳಲ್ಲಿ ಈ ಡಿಸ್ಕ್ ಯಂತ್ರದ ಒಳಗೇ ಇರುತ್ತದೆ. ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಹಾಗಲ್ಲ. ನೂರಾರು ಸರ್ವರುಗಳ ಡಿಸ್ಕುಗಳು ಒಂದೆಡೆ, ಶೇಖರಣಾ ಘಟಕವೆಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿರುತ್ತವೆ. ಸರ್ವರಿಗೂ ಆ ಘಟಕಕ್ಕೂ ನಡುವೆ ಫೈಬರ್ ತಂತಿ, ಸ್ವಿಚ್ ಮೊದಲಾದ ಸಲಕರಣೆಗಳಿರುತ್ತವೆ. ಬೂಟ್ ಡಿಸ್ಕ್ ಕೂಡ ಅಲ್ಲಿಯೇ ಇರುವುದರಿಂದ ಸರ್ವರ್ ಕೆಟ್ಟರೆ ಅದೇ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಒಪ್ಪಿಸಿ ಕೆಲಸ ಮುಂದುವರಿಸಬಹುದು. ಆದರೆ ನಡುವಣ ತಂತಿಯೊಂದು ತುಂಡಾದರೂ ಯಂತ್ರಕ್ಕೂ ಡಿಸ್ಕಿಗೂ ಸಂಬಂಧ ಕಡಿದುಹೋಗುತ್ತದೆ. ಈ ಅಪಾಯಕ್ಕೆ ಪರಿಹಾರವೇ ಬಹುಮಾರ್ಗ.

4. ಒಂದೇ ಡಿಸ್ಕ್, ನಾಲ್ಕು ಹೆಸರು

ಸಾಮಾನ್ಯ ಏರ್ಪಾಟಿನಲ್ಲಿ ಸರ್ವರಿಗೆ ಎರಡು ಅಡಾಪ್ಟರುಗಳು, ಪ್ರತಿಯೊಂದಕ್ಕೂ ಪ್ರತ್ಯೇಕ ಸ್ವಿಚ್, ಶೇಖರಣಾ ಘಟಕದಲ್ಲಿ ಎರಡು ನಿಯಂತ್ರಕಗಳು ಇರುತ್ತವೆ. ಪ್ರತಿ ಸ್ವಿಚ್ಚಿನಿಂದ ಎರಡೂ ನಿಯಂತ್ರಕಗಳಿಗೆ ತಂತಿ ಹೋಗಿದ್ದರೆ ಒಂದು ಡಿಸ್ಕಿಗೆ ಒಟ್ಟು ನಾಲ್ಕು ಮಾರ್ಗಗಳಾಗುತ್ತವೆ. ಒಂದು ಅಡಾಪ್ಟರ್, ಒಂದು ಸ್ವಿಚ್ ಅಥವಾ ಒಂದು ನಿಯಂತ್ರಕ ಕೆಟ್ಟರೂ ಉಳಿದ ಮಾರ್ಗಗಳು ಕೆಲಸ ಮಾಡುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ಮಾರ್ಗಗಳು ನಾಲ್ಕಾದರೆ, ತಿಳಿಸಿಕೊಡುವವರಿಲ್ಲದ ಯೂನಿಕ್ಸ್ ವ್ಯವಸ್ಥೆಗೆ ಡಿಸ್ಕುಗಳೇ ನಾಲ್ಕು ಇದ್ದಂತೆ ಕಾಣುತ್ತದೆ. ಒಂದೇ ಊರಿಗೆ ನಾಲ್ಕು ದಿಕ್ಕಿನಿಂದ ಬಂದವನು ನಾಲ್ಕು ಊರು ನೋಡಿದೆನೆಂದು ಹೇಳುವಂತೆ ಇದು. ಈ ಭ್ರಮೆಯಿಂದ ಅನಾಹುತಗಳಾಗುತ್ತವೆ. ಸುರಕ್ಷತೆಗೆಂದು ಒಂದು ಡಿಸ್ಕಿನ ಪಡಿಯಚ್ಚನ್ನು ಇನ್ನೊಂದರಲ್ಲಿ ಇಡಲು ಹೊರಟ ವ್ಯಕ್ತಿ, ಎರಡು ಹೆಸರುಗಳ ಹಿಂದೆ ಇರುವುದು ಒಂದೇ ಡಿಸ್ಕ್ ಎಂದು ತಿಳಿಯದೆ, ಅದನ್ನು ಅದರ ಮೇಲೆಯೇ ಬರೆಯಲು ತೊಡಗಬಹುದು. ಎರಡು ಹೆಸರುಗಳನ್ನು ಎರಡು ಸ್ವತಂತ್ರ ಡಿಸ್ಕುಗಳೆಂದು ಬಗೆದು ಬೇರೆ ಬೇರೆ ಕೆಲಸಕ್ಕೆ ಬಳಸಿದರೆ ಮಾಹಿತಿಯೇ ನಾಶವಾಗುತ್ತದೆ.

ಈ ಭ್ರಮೆಯನ್ನು ನಿವಾರಿಸುವುದು ಬಹುಮಾರ್ಗ ತಂತ್ರಾಂಶದ ಮೊದಲ ಕೆಲಸ. ಪ್ರತಿಯೊಂದು ಡಿಸ್ಕಿಗೂ ಶೇಖರಣಾ ಘಟಕ ನೀಡಿದ ವಿಶಿಷ್ಟ ಗುರುತುಸಂಖ್ಯೆ ಇರುತ್ತದೆ. ಯಾವ ಹಾದಿಯಿಂದ ಹೋಗಿ ಕೇಳಿದರೂ ಡಿಸ್ಕ್ ಹೇಳುವುದು ಅದೇ ಸಂಖ್ಯೆಯನ್ನು. ನಾಲ್ಕು ಹಾದಿಗಳಲ್ಲಿಯೂ ಒಂದೇ ಸಂಖ್ಯೆ ದೊರೆತಾಗ ತಂತ್ರಾಂಶವು ಅವುಗಳನ್ನು ಕೂಡಿಸಿ ಒಂದೇ ಹೆಸರಿನಲ್ಲಿ ತೋರಿಸುತ್ತದೆ. ಹಾದಿಯೊಂದು ಮುಚ್ಚಿದಾಗ ಕೆಲಸವನ್ನು ಇನ್ನೊಂದಕ್ಕೆ ತಿರುಗಿಸುವುದು, ಅನುಕೂಲವಿದ್ದಲ್ಲಿ ಹೊರೆಯನ್ನು ಎಲ್ಲ ಹಾದಿಗಳಿಗೂ ಹಂಚುವುದು ಅದರ ಎರಡನೆಯ ಕೆಲಸ. ಈ ಅರ್ಥದಲ್ಲಿ ಅದು ಸರ್ವರಿನೊಳಗಿನ ನೀರುಗಂಟಿ.

5. ಆರಂಭದ ಕ್ಷಣದ ಒಗಟು

ಇಷ್ಟರವರೆಗಿನ ವಿವರಣೆ ಎಲ್ಲ ಡಿಸ್ಕುಗಳಿಗೂ ಅನ್ವಯಿಸುವಂತಹುದು. ಬೂಟ್ ಡಿಸ್ಕಿನ ವಿಷಯದಲ್ಲಿ ಮಾತ್ರ ಬೇರೊಂದು ತೊಡಕಿದೆ. ಹಲವು ಹಾದಿಗಳನ್ನು ಬಲ್ಲ ತಂತ್ರಾಂಶ ಇರುವುದು ಬೂಟ್ ಡಿಸ್ಕಿನ ಒಳಗೆ. ಆ ಡಿಸ್ಕನ್ನು ತಲುಪಿ, ಓದಿ, ಕರ್ನಲ್ ಎದ್ದ ಮೇಲೆಯೇ ಅದು ಕಾರ್ಯಪ್ರವೃತ್ತವಾಗುತ್ತದೆ. ತಲುಪುವ ಮೊದಲು ಯಂತ್ರದ ಬಳಿ ಇರುವುದು ಫರ್ಮ್‌ವೇರ್ ಮಾತ್ರ. ಅದಕ್ಕೆ ಬಹುಮಾರ್ಗದ ಪರಿಕಲ್ಪನೆಯಿಲ್ಲ. ತನ್ನಲ್ಲಿ ಬರೆದ ವಿಳಾಸ, ಅಂದರೆ ನಿರ್ದಿಷ್ಟವಾದ ಒಂದು ಅಡಾಪ್ಟರ್, ಒಂದು ನಿಯಂತ್ರಕದ ಮೂಲಕ ಹೋಗುವ ಹಾದಿ, ಇಷ್ಟೇ ಅದಕ್ಕೆ ಗೊತ್ತು.

ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲಿಗೆ ಬೀಗ ಹಾಕಿದಂತಹ ಸ್ಥಿತಿ ಇದು. ನಾಲ್ಕು ಹಾದಿಗಳಿದ್ದೂ, ಫರ್ಮ್‌ವೇರ್ ಬಲ್ಲ ಒಂದು ಹಾದಿ ಮುಚ್ಚಿದ್ದರೆ ಯಂತ್ರ ಏಳುವುದಿಲ್ಲ. ಉಳಿದ ಮೂರು ಹಾದಿಗಳು ಸುಸ್ಥಿತಿಯಲ್ಲಿದ್ದೂ ನಿರರ್ಥಕ.

ಇದರ ಇನ್ನೊಂದು ಮುಖ ಮತ್ತಷ್ಟು ಅಪಾಯಕಾರಿ. ಸರ್ವರ್ ನಡೆಯುತ್ತಿರುವಾಗ ಆ ಮೊದಲ ಹಾದಿ ಕೆಟ್ಟಿತೆಂದು ಭಾವಿಸೋಣ. ಬಹುಮಾರ್ಗ ತಂತ್ರಾಂಶ ಸದ್ದಿಲ್ಲದೆ ಕೆಲಸವನ್ನು ಬೇರೆ ಹಾದಿಗೆ ತಿರುಗಿಸುತ್ತದೆ. ಬಳಕೆದಾರರಿಗೆ ವ್ಯತ್ಯಾಸವೇ ತಿಳಿಯದು. ತಿಂಗಳುಗಳು ಕಳೆಯುತ್ತವೆ. ಒಂದು ದಿನ ವಿದ್ಯುತ್ ಹೋಗಿಯೋ ದುರಸ್ತಿಗೆಂದೋ ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಿದಾಗ ಫರ್ಮ್‌ವೇರ್ ಹಳೆಯ ಹಾದಿಯನ್ನೇ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ನಿಲ್ಲುತ್ತದೆ. ಎಂದೋ ಆದ ಕೆಡುಕು ಅತ್ಯಂತ ಅನನುಕೂಲವಾದ ಗಳಿಗೆಯಲ್ಲಿ ಬಯಲಾಗುತ್ತದೆ. ಬಹುಮಾರ್ಗ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡಿದ್ದರಿಂದಲೇ ಕೆಡುಕು ಮರೆಯಾಗಿತ್ತು ಎಂಬುದು ಇಲ್ಲಿನ ವಿಪರ್ಯಾಸ.

ಆದುದರಿಂದ ಬೂಟ್ ಡಿಸ್ಕಿನ ಬಹುಮಾರ್ಗವನ್ನು ಎರಡು ಕಡೆ ಏರ್ಪಡಿಸಬೇಕಾಗುತ್ತದೆ: ಒಳಗೆ, ಕಾರ್ಯವ್ಯವಸ್ಥೆಯಲ್ಲಿ, ಹೊರಗೆ, ಫರ್ಮ್‌ವೇರಿನ ಪಟ್ಟಿಯಲ್ಲಿ. ಎರಡರಲ್ಲಿ ಒಂದನ್ನು ಮರೆತರೂ ವ್ಯವಸ್ಥೆ ಅಪೂರ್ಣ.

6. ಮೂರು ಕವಲುಗಳ ರೀತಿ

ಎಐಎಕ್ಸ್‌ನಲ್ಲಿ 2002ರ 5.2ನೆಯ ಆವೃತ್ತಿಯಿಂದ ಎಂಪಿಐಒ ಎಂಬ ಬಹುಮಾರ್ಗ ವ್ಯವಸ್ಥೆ ಅಂತರ್ಗತವಾಗಿದೆ. ಎಲ್‌ಎಸ್‌ಪಾತ್ ಆದೇಶವು ಪ್ರತಿ ಡಿಸ್ಕಿನ ಹಾದಿಗಳನ್ನೂ ಅವುಗಳ ಸ್ಥಿತಿಯನ್ನೂ ತೋರಿಸುತ್ತದೆ. ಫರ್ಮ್‌ವೇರಿನ ಪಟ್ಟಿಯನ್ನು ಬರೆಯುವುದು ಬೂಟ್‌ಲಿಸ್ಟ್ ಆದೇಶ. ಅದರಲ್ಲಿ ಡಿಸ್ಕಿನ ಹೆಸರಿನೊಡನೆ ಹಾದಿಯ ಸಂಖ್ಯೆಯನ್ನೂ ನಮೂದಿಸುವ ಅವಕಾಶವನ್ನು ಮುಂದಿನ ಆವೃತ್ತಿಗಳು ಒದಗಿಸಿವೆ. ಪಟ್ಟಿಯಲ್ಲಿ ಸ್ಥಳ ಸೀಮಿತವಾದ್ದರಿಂದ ಒಂದೇ ಅಡಾಪ್ಟರಿನ ಹಾದಿಗಳಿಂದ ಅದನ್ನು ತುಂಬದೆ, ಎರಡೂ ಅಡಾಪ್ಟರುಗಳ ಹಾದಿಗಳನ್ನು ಸೇರಿಸುವುದು ವಿವೇಕ. ಆರಂಭ ಬಿಂಬವನ್ನು ಹೊಸದಾಗಿ ಬರೆಯಲು ಬಾಸ್‌ಬೂಟ್ ಆದೇಶವಿದೆ. ಇವುಗಳೊಡನೆ ಹಾದಿಯ ಆರೋಗ್ಯ ತಪಾಸಣೆಯ ಅವಧಿಯನ್ನು ಗಮನಿಸಬೇಕು. ಆ ಅವಧಿ ಸೊನ್ನೆಯಾಗಿದ್ದರೆ ತಪಾಸಣೆ ನಡೆಯುವುದೇ ಇಲ್ಲ; ತಂತಿಯನ್ನು ಸರಿಪಡಿಸಿದ ಮೇಲೂ ಹಾದಿ ತಾನಾಗಿ ಬಳಕೆಗೆ ಮರಳದೆ ಉಳಿಯಬಹುದು.

ಎಚ್‌ಪಿ-ಯುಎಕ್ಸ್‌ನ ಹಳೆಯ ಆವೃತ್ತಿಗಳಲ್ಲಿ ಪರ್ಯಾಯ ಹಾದಿಗಳನ್ನು ಎಲ್‌ವಿಎಂ ವ್ಯವಸ್ಥೆಯೊಳಗೆ ಒಂದೊಂದಾಗಿ ಹೆಸರಿಸಬೇಕಿತ್ತು. 2007ರಲ್ಲಿ ಬಂದ 11ಐ ಮೂರನೆಯ ಆವೃತ್ತಿಯಲ್ಲಿ ಬಹುಮಾರ್ಗ ಸಹಜ ಗುಣವಾಯಿತು. ಹಾದಿ ಬದಲಾದರೂ ಡಿಸ್ಕಿನ ಹೆಸರು ಬದಲಾಗದಂತಾಯಿತು. ಫರ್ಮ್‌ವೇರಿಗೆ ತಿಳಿಸುವುದು ಸೆಟ್‌ಬೂಟ್ ಆದೇಶ. ಪ್ರಧಾನ ಹಾದಿ ಹಾಗೂ ಪರ್ಯಾಯ ಹಾದಿಗಳನ್ನು ಅದರ ಮೂಲಕ ಬರೆದಿಡಲಾಗುತ್ತಿತ್ತು. ಈ ಕವಲಿಗೆ 2025ರ ಅಂತ್ಯದವರೆಗೆ ಮಾತ್ರ ಸಾಮಾನ್ಯ ಬೆಂಬಲವೆಂದು ತಯಾರಕ ಸಂಸ್ಥೆ ಪ್ರಕಟಿಸಿತ್ತು.

ಸೋಲಾರಿಸ್‌ನಲ್ಲಿ ಈ ವ್ಯವಸ್ಥೆಯ ಹೆಸರು ಎಂಪಿಎಕ್ಸ್‌ಐಒ. 2005ರ ಸೋಲಾರಿಸ್ 10ರಲ್ಲಿ ಅದು ಕಾರ್ಯವ್ಯವಸ್ಥೆಯ ಭಾಗವಾಗಿಯೇ ದೊರೆಯಿತು. ಎಸ್‌ಟಿಎಂಎಸ್‌ಬೂಟ್ ಆದೇಶದಿಂದ ಅದನ್ನು ಸಕ್ರಿಯಗೊಳಿಸಿದಾಗ ಡಿಸ್ಕಿನ ಹೆಸರೇ ಬದಲಾಗಿ ವಿಶಿಷ್ಟ ಗುರುತುಸಂಖ್ಯೆಯನ್ನೊಳಗೊಂಡ ಉದ್ದದ ಹೆಸರು ಬರುತ್ತದೆ. ಯಾವ ಕಡತವ್ಯವಸ್ಥೆ ಯಾವ ಡಿಸ್ಕಿನಲ್ಲಿದೆ ಎಂದು ಸೂಚಿಸುವ ಕೋಷ್ಟಕವನ್ನು ಆ ಆದೇಶವೇ ತಿದ್ದುತ್ತದೆ. ಬಳಿಕ ಯಂತ್ರವನ್ನು ಮರು ಆರಂಭಿಸಬೇಕು. ಆದರೆ ಸನ್ ಯಂತ್ರಗಳ ಫರ್ಮ್‌ವೇರಾದ ಓಪನ್‌ಬೂಟ್ ಈ ಹೊಸ ಹೆಸರನ್ನು ಅರಿಯದು. ಅದಕ್ಕೆ ಬೇಕಾದುದು ಭೌತಿಕ ಹಾದಿ. ಒಂದಕ್ಕಿಂತ ಹೆಚ್ಚು ಹಾದಿಗಳನ್ನು ಸಾಲಾಗಿ ಬರೆದಿಟ್ಟರೆ ಅದು ಒಂದಾದ ಮೇಲೊಂದನ್ನು ಪ್ರಯತ್ನಿಸುತ್ತದೆ.

ಮೂರರಲ್ಲಿಯೂ ಆದೇಶಗಳು ಬೇರೆ, ತತ್ತ್ವ ಒಂದೇ. ಒಳಗಿನ ಹೆಸರು ಡಿಸ್ಕನ್ನು ಕುರಿತದ್ದು, ಹೊರಗಿನ ಪಟ್ಟಿ ಹಾದಿಯನ್ನು ಕುರಿತದ್ದು.

7. ಏರ್ಪಾಟಿನ ಕ್ರಮ

ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವಾಗ ಹಲವೆಡೆ ಅನುಸರಿಸುವ ಕ್ರಮ ಹೀಗಿದೆ. ಮೊದಲಿಗೆ ಒಂದೇ ಹಾದಿಯನ್ನು ತೆರೆದಿಟ್ಟು ಕಾರ್ಯವ್ಯವಸ್ಥೆಯನ್ನು ಡಿಸ್ಕಿಗೆ ತುಂಬಲಾಗುತ್ತದೆ. ಇದರಿಂದ ಒಂದೇ ಡಿಸ್ಕ್ ನಾಲ್ಕಾಗಿ ಕಾಣುವ ಗೊಂದಲ ತಪ್ಪುತ್ತದೆ. ಬಳಿಕ ಬಹುಮಾರ್ಗ ತಂತ್ರಾಂಶವನ್ನು ಸಕ್ರಿಯಗೊಳಿಸಿ ಉಳಿದ ಹಾದಿಗಳನ್ನು ಒಂದೊಂದಾಗಿ ತೆರೆಯಲಾಗುತ್ತದೆ. ಎಲ್ಲ ಹಾದಿಗಳಲ್ಲಿಯೂ ಒಂದೇ ಗುರುತುಸಂಖ್ಯೆ ದೊರೆಯುತ್ತದೆಯೇ ಎಂದು ತಾಳೆ ನೋಡಲಾಗುತ್ತದೆ. ಅನಂತರ ಫರ್ಮ್‌ವೇರಿನ ಪಟ್ಟಿಯಲ್ಲಿ ಬೇರೆ ಬೇರೆ ಅಡಾಪ್ಟರುಗಳ ಹಾದಿಗಳನ್ನು ಬರೆಯಲಾಗುತ್ತದೆ. ಸ್ವಾಪ್ ಸ್ಥಳ ಹಾಗೂ ಕುಸಿತದ ವಿವರ ಬರೆದಿಡುವ ಡಂಪ್ ಸ್ಥಳಗಳಿಗೂ ಬಹುಮಾರ್ಗದ ಹೆಸರನ್ನೇ ಕೊಡಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಯೂನಿಕ್ಸ್‌ನ ಹತ್ತಿರದ ಬಂಧುವಾದ ಲಿನಕ್ಸ್‌ನಲ್ಲಿಯಾದರೆ ಬಹುಮಾರ್ಗದ ಸಂರಚನಾ ಕಡತವನ್ನು ಆರಂಭಿಕ ಬಿಂಬದೊಳಗೂ ಸೇರಿಸಬೇಕಾಗುತ್ತದೆ.

ಅಂತಿಮ ಹಂತ ಪರೀಕ್ಷೆ. ಯಂತ್ರ ನಡೆಯುತ್ತಿರುವಾಗ ಒಂದು ತಂತಿಯನ್ನು ಕಿತ್ತು ನೋಡುವುದು ಅರ್ಧ ಪರೀಕ್ಷೆ ಮಾತ್ರ. ಒಂದೊಂದೇ ಹಾದಿಯನ್ನು ಉಳಿಸಿ, ಉಳಿದವನ್ನು ಮುಚ್ಚಿ, ಪ್ರತಿ ಸಲವೂ ಯಂತ್ರವನ್ನು ಆರಂಭದಿಂದ ಎಬ್ಬಿಸಿ ನೋಡಿದಾಗಲೇ ಪರೀಕ್ಷೆ ಪೂರ್ಣವಾಗುತ್ತದೆ. ಇದನ್ನು ಸೇವೆ ಆರಂಭವಾಗುವ ಮುನ್ನವೇ ಮಾಡಬೇಕು. ಮಾರುಕಟ್ಟೆಯ ಬಾಗಿಲಲ್ಲಿ ಗೂಡಿನ ಬುಟ್ಟಿಗಳು ಬಂದು ನಿಂತ ಮೇಲೆ ಮಾಡುವ ಕೆಲಸ ಇದಲ್ಲ.

8. ಮಿತಿಗಳು ಮತ್ತು ನಿರ್ವಹಣೆ

ಹಾದಿಗಳ ಸಂಖ್ಯೆಯೊಂದೇ ಭದ್ರತೆಯಲ್ಲ. ಒಂದೇ ಹಳ್ಳದಿಂದ ಎರಡು ಕಾಲುವೆ ತೆಗೆದರೆ ಹಳ್ಳ ಬತ್ತಿದಾಗ ಎರಡೂ ಬತ್ತುತ್ತವೆ. ಎರಡು ಮುಖಗಳಿರುವ ಒಂದೇ ಅಡಾಪ್ಟರಿನಿಂದ ಎರಡು ತಂತಿ ಎಳೆದರೂ ಹಾಗೆಯೇ. ಎರಡು ಸ್ವಿಚ್ಚುಗಳು ಒಂದೇ ವಿದ್ಯುತ್ ಮೂಲವನ್ನು ಅವಲಂಬಿಸಿದ್ದರೂ ಫಲ ಬೇರೆಯಲ್ಲ. ಹಾದಿಗಳು ಎಲ್ಲಿಯೂ ಒಂದು ಗಂಟಿನಲ್ಲಿ ಕೂಡದಂತೆ ನೋಡಿಕೊಳ್ಳುವುದು ಏರ್ಪಾಟಿನ ಜೀವಾಳ.

ಅಂತೆಯೇ, ಎಲ್ಲ ಹಾದಿಗಳೂ ತಲುಪುವುದು ಒಂದೇ ಡಿಸ್ಕನ್ನು ಎಂಬುದನ್ನು ಮರೆಯಬಾರದು. ಆ ಡಿಸ್ಕಿನಲ್ಲಿಯೇ ಬರಹ ಕೆಟ್ಟಿದ್ದರೆ ನಾಲ್ಕು ಹಾದಿಗಳಿಂದಲೂ ದೊರೆಯುವುದು ಕೆಟ್ಟ ಬರಹವೇ. ತೂಬುಗಳು ಎಷ್ಟಿದ್ದರೂ ಏರಿ ಒಡೆದ ಕೆರೆಗೆ ಪ್ರಯೋಜನವಿಲ್ಲ. ಬಹುಮಾರ್ಗವು ಪಡಿಯಚ್ಚಿಗೂ ಬ್ಯಾಕಪ್ಪಿಗೂ ಬದಲಿಯಲ್ಲ. ಅವುಗಳ ಜೊತೆಗೆ ಇರಬೇಕಾದ ಏರ್ಪಾಟು.

ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಲಾಯಿತು. ನೀರು ಮಿತಿ ಮೀರಿದಾಗ ಮನುಷ್ಯರ ಕೈಗಾಗಿ ಕಾಯದೆ ತೆರೆದುಕೊಂಡು, ನೀರು ಇಳಿದಾಗ ತಾವೇ ಮುಚ್ಚಿಕೊಳ್ಳುವುದು ಅವುಗಳ ವೈಶಿಷ್ಟ್ಯ. ಹಾದಿ ಕೆಟ್ಟಾಗ ತಾನಾಗಿ ಬೇರೆಡೆಗೆ ತಿರುಗುವ ಬಹುಮಾರ್ಗ ತಂತ್ರಾಂಶದಲ್ಲಿ ಇದೇ ಬಗೆಯ ವಿವೇಕವನ್ನು ಕಾಣಬಹುದು. ಆದರೆ ತಾನಾಗಿ ನಡೆಯುವುದನ್ನು ನೋಡಿಕೊಳ್ಳುವ ಕಣ್ಣು ಬೇಡವೆಂದು ಇದರ ಅರ್ಥವಲ್ಲ. ಮಳೆಗಾಲಕ್ಕೆ ಮುನ್ನ ಊರವರು ಕೂಡಿ ಕಾಲುವೆಯ ಹೂಳೆತ್ತುತ್ತಿದ್ದುದು ನೀರು ಬಂದ ಮೇಲೆ ಪರದಾಡದಿರಲೆಂದು. ಹಾದಿಗಳ ಸ್ಥಿತಿಯನ್ನು ನಿಯತವಾಗಿ ಪರಿಶೀಲಿಸಿ, ಮುಚ್ಚಿದ ಹಾದಿಯನ್ನು ಕೂಡಲೇ ತೆರೆದು, ಅಡಾಪ್ಟರ್ ಬದಲಿಸಿದಾಗಲೆಲ್ಲ ಫರ್ಮ್‌ವೇರಿನ ಪಟ್ಟಿಯನ್ನು ತಿದ್ದುವುದು ಅದಕ್ಕೆ ಸಮಾನವಾದ ಕೆಲಸ.

9. ಉಪಸಂಹಾರ

ಒಟ್ಟಾರೆ ನೋಡಿದಾಗ, ಬೂಟ್ ಡಿಸ್ಕಿನ ಬಹುಮಾರ್ಗ ಏರ್ಪಾಟಿನ ಸಾರ ಹೀಗಿದೆ: ಹಾದಿಗಳು ಹಲವಿದ್ದರೆ ಸಾಲದು, ಆ ಹಾದಿಗಳ ತಿಳಿವಳಿಕೆ ಬಾಗಿಲಿನ ಹೊರಗೂ ಇರಬೇಕು. ನೀರುಗಂಟಿಯೊಬ್ಬನ ತಲೆಯಲ್ಲಿ ಮಾತ್ರ ಇದ್ದ ಕಾಲುವೆಗಳ ಅರಿವು ಅವನೊಂದಿಗೇ ಮರೆಯಾದಾಗ, ಕೆರೆ ಇದ್ದೂ ನೀರಿನ ಹಂಚಿಕೆ ತಪ್ಪುತ್ತದೆ. ಡಿಸ್ಕಿನೊಳಗೆ ಮಾತ್ರ ಉಳಿದ ಹಾದಿಯ ಅರಿವಿನಿಂದ ಯಂತ್ರಕ್ಕೆ ಒದಗುವುದೂ ಅದೇ ಗತಿ.

ಈ ಏರ್ಪಾಟನ್ನು ಬಲ್ಲವರ ಅನುಭವವೂ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಸಾಗುತ್ತ ಬಂದಿದೆ. ಹಳೆಯ ಯೂನಿಕ್ಸ್ ಕವಲುಗಳು ಒಂದೊಂದಾಗಿ ಬಳಕೆಯಿಂದ ಸರಿಯುತ್ತಿರುವ ಈ ಕಾಲದಲ್ಲಿ ಆ ಅನುಭವವನ್ನು ಬರೆದಿಡುವುದು ಅಗತ್ಯ. ಧ್ವನಿಸಂಗ್ರಹಗಳನ್ನು ಸರ್ವರುಗಳಿಗೆ ಒಪ್ಪಿಸುತ್ತಿರುವ ಗ್ರಂಥಾಲಯಗಳು ಹಾಗೂ ಸಂಶೋಧನಾ ಕೇಂದ್ರಗಳು ಎಷ್ಟು ಗಂಟೆಗಳ ಹಾಡು ಸಂಗ್ರಹವಾಗಿದೆ ಎಂಬ ಲೆಕ್ಕದೊಡನೆ, ಆ ಯಂತ್ರ ಯಾವ ಯಾವ ಹಾದಿಯಿಂದ ಏಳಬಲ್ಲದು, ಅದನ್ನು ಕೊನೆಯದಾಗಿ ಪರೀಕ್ಷಿಸಿದ್ದು ಎಂದು ಎಂಬುದನ್ನೂ ತಮ್ಮ ದಾಖಲೆ ಪುಸ್ತಕದಲ್ಲಿ ಕಾಗದದ ಮೇಲೆ ಬರೆದಿಡುವುದು ಯುಕ್ತ. ಆ ಪುಸ್ತಕವನ್ನು ತೆರೆಯಲು ಯಂತ್ರ ಎದ್ದಿರಬೇಕಾಗಿಲ್ಲ.